ಅಂಗನವಾಡಿ ರಿಜಿಸ್ಟರಿಗೆ ಒಂದು ಕಾಲಂ ಜಾಸ್ತಿ ಮಾಡಿ

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವನು. 24 ವರ್ಷ ಸೇನೆಯಲ್ಲಿದ್ದು 2008ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಈಗ ನಾಲ್ಕು ಎಕರೆಯಲ್ಲಿ ಮೆಕ್ಕೆಜೋಳ, ಮಳೆ ಕೈಕೊಡದಿದ್ದರೆ ಸ್ವಲ್ಪ ಈರುಳ್ಳಿ. ಮಗನೂ ಸೇನೆಯಲ್ಲಿದ್ದಾನೆ, ಸದ್ಯ ಫೀಲ್ಡ್ ಪೋಸ್ಟಿಂಗ್. ಎಲ್ಲಿ ಅಂತ ಬರೆಯುವುದಿಲ್ಲ, ಬರೆಯಲೂ ಬಾರದು. ಸೊಸೆ ಮತ್ತು ನಾಲ್ಕೂವರೆ ವರ್ಷದ ಮೊಮ್ಮಗಳು ನಮ್ಮ ಮನೆಯಲ್ಲಿದ್ದಾರೆ.

ಮಾಜಿ ಸೈನಿಕ ಅರ್ಜಿ ಹಿಡಿದು ಬಂದ ಅಂದ್ರೆ ಒಂದೋ ಪಿಂಚಣಿ, ಇಲ್ಲವೇ ಜಮೀನು ಮಂಜೂರಾತಿ. ಅದು ನಿಮಗೂ ಗೊತ್ತು, ನಿಮ್ಮ ಕಚೇರಿಯ ಜವಾನರಿಗೂ ಗೊತ್ತು. ಈ ಪತ್ರ ಅವೆರಡರದ್ದೂ ಅಲ್ಲ. ಅಪ್ಪ ಗಡಿಯಲ್ಲಿದ್ದು, ತಾವು ಹಳ್ಳಿಯಲ್ಲಿ ಅಜ್ಜಿ-ತಾತನ ಜೊತೆ ಬೆಳೆಯುವ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಮನೆಯ ಸಂಗತಿಯನ್ನು ಹೀಗೆ ಊರಿಗೆಲ್ಲ ಹೇಳಲು ಸೊಸೆಯನ್ನು ಕೇಳಿದ್ದೇನೆ. "ಬರೀರಿ ಮಾವ, ಆದ್ರೆ ನಿಮ್ಮ ತಪ್ಪನ್ನೂ ಬರೀರಿ" ಅಂದಳು. ಅದನ್ನೇ ಮೊದಲು ಬರೆಯುತ್ತೇನೆ.

ಕಳೆದ ಆಗಸ್ಟಿನಲ್ಲಿ ಮೊಮ್ಮಗಳು ಅಂಗನವಾಡಿಯಲ್ಲಿ ಜೊತೆಯ ಹುಡುಗನ ಮುಂಗೈ ಕಚ್ಚಿದಳು. ಹಲ್ಲಿನ ಗುರುತು ಮೂರು ದಿನ ಹಾಗೇ ಇತ್ತು. ಅದಕ್ಕೂ ಒಂದು ವಾರ ಮೊದಲಿನಿಂದ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಅದು ಎರಡೂವರೆ ವರ್ಷಕ್ಕೇ ನಿಂತುಹೋಗಿತ್ತು. ಬೆಳಿಗ್ಗೆ ಅಂಗನವಾಡಿಗೆ ಹೊರಡಿಸಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಳು. ಟೀಚರ್ ಪಾಪ, "ತುಂಬ ಹಟಮಾರಿ ಆಗಿದ್ದಾಳೆ, ಸ್ವಲ್ಪ ನೋಡ್ಕೊಳ್ಳಿ" ಅಂದರು. ಕಚ್ಚಿಸಿಕೊಂಡ ಹುಡುಗನ ಅಜ್ಜಿ ಬೀದಿಯಲ್ಲೇ ನಿಂತು, "ಅಪ್ಪನ ಭಯ ಇಲ್ಲ, ತಾಯಿ ಮುದ್ದು ಜಾಸ್ತಿ" ಅಂದರು.

ನಾನೂ ಅದನ್ನೇ ಅಂದೆ. ಸೊಸೆಗೆ ನೇರವಾಗಿ ಅನ್ನಲಿಲ್ಲ. ಹೆಂಡತಿಗೆ ಹೇಳುವ ಹಾಗೆ, ಸೊಸೆಗೆ ಕೇಳಿಸುವ ಹಾಗೆ ಅಂದೆ. ಮಾವಂದಿರು ಸಾಮಾನ್ಯವಾಗಿ ಮಾಡುವ ಕೆಲಸ.

ಅವಳು ಮೂರು ದಿನ ಏನೂ ಮಾತಾಡಲಿಲ್ಲ. ನಾಲ್ಕನೇ ದಿನ ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದು ಬಂದು ಕೂತಳು. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯ ಓದಿದ ಹುಡುಗಿ, ತವರು ಹೊಸದುರ್ಗ. "ಮಾವ, ಇದನ್ನ ಓದಿ ಕನ್ನಡದಲ್ಲಿ ಹೇಳ್ತೀನಿ, ಪೂರ್ತಿ ಕೇಳಿ" ಅಂದಳು. ಕೇಳಿದೆ.

ಅಮೆರಿಕದಲ್ಲಿ ಮೊಲಿಂಡಾ ಚಾರ್ಟ್ರಾಂಡ್ ಎಂಬ ಮಕ್ಕಳ ವೈದ್ಯೆ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮರೀನ್ ಪಡೆಯ ನೆಲೆಯೊಂದರ ಶಿಶುವಿಹಾರಗಳಿಗೆ ಬರುವ 169 ಕುಟುಂಬಗಳನ್ನು ನೋಡಿದ್ದರು. ಮಕ್ಕಳ ವಯಸ್ಸು ಒಂದೂವರೆಯಿಂದ ಐದು. ಕೆಲವರ ಅಪ್ಪ ಅಥವಾ ಅಮ್ಮ ಯುದ್ಧದ ಕೆಲಸಕ್ಕೆ ಹೋಗಿದ್ದರು, ಉಳಿದವರು ಮನೆಯಲ್ಲೇ ಇದ್ದರು. ಮೂರು ವರ್ಷ ದಾಟಿದ ಮಕ್ಕಳಲ್ಲಿ, ಅಪ್ಪ-ಅಮ್ಮ ದೂರ ಹೋಗಿದ್ದವರ ನಡವಳಿಕೆಯಲ್ಲಿ ತೊಂದರೆ ಜಾಸ್ತಿ ಕಂಡಿತು. ಮನೆಯಲ್ಲಿ ಉಳಿದವರ ಒತ್ತಡ, ಬೇಸರ ಎಲ್ಲವನ್ನೂ ಲೆಕ್ಕ ಹಾಕಿ ಪಕ್ಕಕ್ಕಿಟ್ಟು ನೋಡಿದರೂ ಆ ವ್ಯತ್ಯಾಸ ಉಳಿದುಕೊಂಡಿತು.

ಸೊಸೆ ಈ ಕೊನೆಯ ಮಾತನ್ನು ಎರಡು ಸಲ ಓದಿದಳು. ಮೊದಲನೇ ಸಲ ನನಗೆ ಹೊಳೆಯಲಿಲ್ಲ. ಎರಡನೇ ಸಲಕ್ಕೆ ಹೊಳೆಯಿತು. ತಾಯಿ ಎಷ್ಟೇ ಸರಿಯಾಗಿದ್ದರೂ ಮಗುವಿಗೆ ತನ್ನದೇ ಒಂದು ಸಂಕಟ ಇರುತ್ತೆ. ಅದಕ್ಕೆ ಹೇಳಲು ಮಾತು ಬರುವುದಿಲ್ಲ. ಕಚ್ಚಲು ಬರುತ್ತೆ.

ಇನ್ನೊಂದು ಅಧ್ಯಯನ 2010ರದ್ದು. ಗ್ರೆಗರಿ ಗೋರ್ಮನ್ ಮತ್ತು ಜೊತೆಗಾರರು ಅಮೆರಿಕದ ಸೈನಿಕರ ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ತೆಗೆದು ನೋಡಿದರು. ಮೂರರಿಂದ ಎಂಟು ವರ್ಷದವರು, 6 ಲಕ್ಷಕ್ಕೂ ಮೇಲೆ ಮಕ್ಕಳು. ಅಪ್ಪ ಅಥವಾ ಅಮ್ಮ ದೂರ ಹೋಗಿದ್ದಾಗ ಮನಸ್ಸು ಮತ್ತು ನಡವಳಿಕೆಯ ತೊಂದರೆಗಾಗಿ ವೈದ್ಯರ ಹತ್ತಿರ ಬಂದದ್ದು ಶೇ. 11ರಷ್ಟು ಹೆಚ್ಚಿತ್ತು. ವಿಚಿತ್ರ ಏನು ಅಂದ್ರೆ, ಅದೇ ಹೊತ್ತಿಗೆ ಬೇರೆ ಕಾಯಿಲೆಗಳಿಗೆ ಬರುವುದು ಕಡಿಮೆಯಾಗಿತ್ತು. ಯಾಕೆ ಅಂತ ವಿದ್ವಾಂಸರು ಏನೇ ಹೇಳಲಿ, ನನಗೆ ನಮ್ಮ ಮನೆ ನೆನಪಾಯಿತು. ಮಗುವಿಗೆ ನೆಗಡಿ ಬಂದರೆ ಸೊಸೆ ಕಷಾಯ ಕಾಸುತ್ತಾಳೆ. ಜಗಳೂರಿಗೆ ಬಸ್ಸು ಹಿಡಿದು, ಮಗು ಎತ್ತಿಕೊಂಡು, ಸರತಿಯಲ್ಲಿ ನಿಂತು, ಸಂಜೆಯೊಳಗೆ ವಾಪಸ್ ಬಂದು ಎಮ್ಮೆ ಹಾಲು ಕರೆಯಬೇಕಲ್ಲ. ಗಂಡ ಇದ್ದಿದ್ದರೆ ಬೈಕಿನಲ್ಲಿ ಅರ್ಧ ಗಂಟೆ.

ಇವೆಲ್ಲ ಅಮೆರಿಕದ ಲೆಕ್ಕ, ನಮಗೆ ಹೇಗೆ ಹೊಂದುತ್ತೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅಲ್ಲಿನವರ ಮಕ್ಕಳು ಬಹಳಷ್ಟು ಜನ ನೆಲೆಯ ಹತ್ತಿರವೇ ಇರುತ್ತಾರೆ, ಪಕ್ಕದ ಮನೆಯವರೂ ಎಷ್ಟೋ ಸಲ ಸೈನಿಕರೇ. ನಮ್ಮಲ್ಲಿ ಪೀಸ್ ಸ್ಟೇಷನ್ನಿನಲ್ಲಿ, ಅಂದ್ರೆ ಗಡಿಯಿಂದ ದೂರದ ನೆಲೆಯಲ್ಲಿ, ಕ್ವಾರ್ಟರ್ಸ್ ಸಿಕ್ಕಿದಷ್ಟು ದಿನ ಸಂಸಾರ ಜೊತೆಗೆ. ಫೀಲ್ಡಿಗೆ ಹೋದ ಮೇಲೆ ಸೈನಿಕರ ಹೆಂಡತಿ-ಮಕ್ಕಳು ಊರಿಗೆ ಬರುವುದೇ ಜಾಸ್ತಿ. ಮೊಮ್ಮಗಳು ಎರಡು ವರ್ಷ ಕ್ವಾರ್ಟರ್ಸಿನಲ್ಲಿ ಬೆಳೆದಳು. ಅಲ್ಲಿ ಎಲ್ಲ ಮಕ್ಕಳ ಅಪ್ಪಂದಿರೂ ಹಸಿರು ಬಟ್ಟೆಯವರು, ಎಲ್ಲರ ಅಪ್ಪಂದಿರೂ ಆಗಾಗ ಕಾಣೆಯಾಗುವವರು. ಊರಿಗೆ ಬಂದಾಗ "ಪಾನಿ ದೋ" ಅನ್ನುತ್ತಿದ್ದಳು, ಅಂಗನವಾಡಿ ಮಕ್ಕಳು ನಗುತ್ತಿದ್ದರು. ಅಪ್ಪ ಹೋದ, ಮನೆ ಹೋಯಿತು, ಜೊತೆಗೆ ಮಾತೂ ಹೋಯಿತು. ಒಂದೇ ತಿಂಗಳಲ್ಲಿ. ದೊಡ್ಡವನಾದ ನನಗೆ ಹಾಗೆ ಆಗಿದ್ದರೆ ನಾನು ಯಾರನ್ನು ಕಚ್ಚುತ್ತಿದ್ದೆನೋ.

ಹೀಗಿರುವಾಗ ನಮ್ಮ ಮಕ್ಕಳ ಪಾಡು ಅವರದ್ದಕ್ಕಿಂತ ಹಗುರ ಇರಲಿಕ್ಕಿಲ್ಲ ಅನ್ನುವುದು ನನ್ನ ಅಂದಾಜು. ಅಂದಾಜು ಅಷ್ಟೇ. ಸರಿಯಾಗಿ ತಿಳಿಯಬೇಕು ಅಂದ್ರೆ ಇಲ್ಲೇ ಎಣಿಸಬೇಕು, ಇಲ್ಲೇ ಕೇಳಬೇಕು. ನನ್ನ ಇಡೀ ಪತ್ರದ ಸಾರ ಇಷ್ಟೇ, ಉಳಿದದ್ದು ವಿವರ.

ಮಗಳ ವಿಷಯವನ್ನೂ ಸ್ವಲ್ಪ ಹೇಳಬೇಕು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು. ಅದರ ಹಿಂದೆಯೇ ಆಪರೇಷನ್ ಪರಾಕ್ರಮ್. ನಮ್ಮ ಯೂನಿಟ್ ಪಶ್ಚಿಮದ ಗಡಿಗೆ ಹೋಯಿತು, ತಿಂಗಳುಗಟ್ಟಲೆ ಅಲ್ಲೇ. ಮನೆಯಲ್ಲಿ ಮಗನಿಗೆ ಎಂಟು, ಮಗಳಿಗೆ ಮೂರು. ಆಗ ಫೋನೆಲ್ಲಿ? ಇನ್‌ಲ್ಯಾಂಡ್ ಲೆಟರ್. ವಿಳಾಸದ ಕೊನೆಗೆ ಸೇನಾ ಅಂಚೆಯ ಗುರುತು "56 ಎಪಿಒ" ಅಂತ ಬರೆದರೆ ಎಲ್ಲಿದ್ದರೂ ಬರುತ್ತಿತ್ತು. ಮಗ ಒಮ್ಮೆ ಬರೆದಿದ್ದ, "ಅಪ್ಪಾ, 56 ಎಪಿಒ ಭಾರತದ ನಕ್ಷೆಯಲ್ಲಿ ಸಿಗ್ತಿಲ್ಲ." ಮಗಳಿಗಂತೂ ಅದೂ ಇಲ್ಲ. ಮುಂದಿನ ಚಳಿಗಾಲಕ್ಕೆ ನಾನು ಟ್ರಂಕು ಹೊತ್ತು ಬಾಗಿಲಿಗೆ ಬಂದಾಗ ಅವಳು ಒಳಗೆ ಕೂಗಿ ಹೇಳಿದಳು, "ಅವ್ವಾ, ಯಾರೋ ಮಾಮ ಬಂದಿದ್ದಾರೆ."

ಊರೆಲ್ಲ ನಕ್ಕಿತು, ನಾನೂ ನಕ್ಕೆ. ವರ್ಷಗಟ್ಟಲೆ ಅದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದೆ. ಈಗ ಮಗಳಿಗೆ ಮದುವೆಯಾಗಿದೆ. ಇವತ್ತಿಗೂ ಅವಳು ಯಾವ ಕಷ್ಟವನ್ನೂ ನನಗೆ ಹೇಳುವುದಿಲ್ಲ. ಅವರವ್ವನಿಗೆ ಹೇಳುತ್ತಾಳೆ, ಅದು ನನಗೆ ಆಮೇಲೆ ಬರುತ್ತೆ.

ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಅಯೋವಾ ರಾಜ್ಯದ 135 ಸೈನಿಕ ಕುಟುಂಬಗಳನ್ನು ಮಾತಾಡಿಸಿ 1949ರಲ್ಲಿ ಪ್ರಕಟಿಸಿದರು. ಗಂಡ ಹೋಗುವುದು ಒಂದು ಕಷ್ಟ, ವಾಪಸ್ ಬರುವುದು ಇನ್ನೊಂದು ಕಷ್ಟ ಅಂತ ಅವರು ಆಗಲೇ ತೋರಿಸಿದ್ದರು. ಅಪ್ಪ ಇಲ್ಲದ ಸಂಸಾರ ಆ ಜಾಗ ಮುಚ್ಚಿಕೊಂಡು ನಡೆಯಲು ಕಲಿಯುತ್ತೆ, ಕಲಿಯಲೇಬೇಕು. ತೀರಾ ಚೆನ್ನಾಗಿ ಮುಚ್ಚಿಕೊಂಡರೆ ಅವನು ಬಂದಾಗ ಕೂರಲು ಜಾಗ ಇರುವುದಿಲ್ಲ. ಸೊಸೆ ಇದನ್ನು ಓದಿ ಹೇಳುವಾಗ ಹೆಂಡತಿ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದಳು. ಇಬ್ಬರೂ ಏನೂ ಅನ್ನಲಿಲ್ಲ.

ಈಗ ವಿಡಿಯೋ ಕಾಲ್ ಇದೆ ಅಲ್ವಾ ಅನ್ನುತ್ತಾರೆ ಜನ. ಇದೆ. ನಮ್ಮ ಮೊಮ್ಮಗಳು ಪುಟ್ಟಿ ಫೋನಿಗೇ ದೋಸೆ ತಿನ್ನಿಸಿ, ಪರದೆಗೆ ಬೆಣ್ಣೆ ಮೆತ್ತಿದ್ದಾಳೆ. "ಅಪ್ಪ ಎಲ್ಲಿ?" ಅಂದ್ರೆ ಟಿವಿ ಪಕ್ಕದ ಚಾರ್ಜರ್ ತೋರಿಸುತ್ತಿದ್ದಳು ಒಂದು ಕಾಲಕ್ಕೆ. ಮಗನ ಜಾಗದಲ್ಲಿ ಸಿಗ್ನಲ್ ಇದ್ದಾಗ ಮಾತ್ರ ಅಪ್ಪ, ಇಲ್ಲದಾಗ ಇಲ್ಲ.

2025ರ ಯುಗಾದಿ ಹೊತ್ತಿಗೆ ನಾನೊಂದು ಉಪಾಯ ಮಾಡಿದೆ. ಮಗನಿಗೆ ಮೇ ತಿಂಗಳ ನಡುವೆ ರಜೆ ಮಂಜೂರಾಗಿತ್ತು. ಹಾರ್ಲಿಕ್ಸ್ ಬಾಟಲಿಯಲ್ಲಿ 45 ಮೆಕ್ಕೆಜೋಳದ ಕಾಳು ಹಾಕಿ, ದಿನಕ್ಕೊಂದು ತೆಗೆದು ಕೋಳಿಗೆ ಹಾಕು, ಬಾಟಲಿ ಖಾಲಿಯಾದ ದಿನ ಅಪ್ಪ ಬರ್ತಾನೆ ಅಂದೆ. ಅವಳಿಗೆ ಭಾರಿ ಖುಷಿ. ಮೇ 7ರ ಬೆಳಿಗ್ಗೆ ಆಪರೇಷನ್ ಸಿಂಧೂರದ ಸುದ್ದಿ ಬಂತು. ರಜೆ ರದ್ದು. ಬಾಟಲಿಯಲ್ಲಿ ಏಳೋ ಎಂಟೋ ಕಾಳು ಉಳಿದಿದ್ದವು. ಏನು ಮಾಡೋದು? ರಾತ್ರಿ ಎದ್ದು ಒಂದು ಹಿಡಿ ಕಾಳು ಸೇರಿಸಿದೆ. ಬೆಳಿಗ್ಗೆ ನೋಡಿ ಅವಳು ಕೇಳಿದಳು, "ಅಜ್ಜಾ, ಕಾಳು ಮರಿ ಹಾಕ್ಯಾವಾ?"

ಆ ನಾಲ್ಕು ದಿನ ಮನೆಯಲ್ಲಿ ಟಿವಿ ಬಂದ್ ಮಾಡಲಿಲ್ಲ, ಅದು ನಮ್ಮ ಇನ್ನೊಂದು ತಪ್ಪು. ಮಗನ ಫೋನ್ ಇಲ್ಲ. ಟಿವಿಯಲ್ಲಿ ಸೈರನ್, ಕೆಂಪು ಅಕ್ಷರ, ಕಿರುಚಾಟ. ಮಗು ಟಿವಿ ನೋಡುತ್ತಿರಲಿಲ್ಲ. ಅಮ್ಮನ ಮುಖ ನೋಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಮಕ್ಕಳ ಮನೋವಿಶ್ಲೇಷಕರಾದ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳಿಗಾಗಿ ಮನೆಗಳನ್ನು ನಡೆಸಿದರು. ಸಣ್ಣ ಮಕ್ಕಳು ಬಾಂಬಿನ ಸದ್ದಿಗಿಂತ ತಾಯಿಯ ಗಾಬರಿಗೆ, ಎಲ್ಲಕ್ಕಿಂತ ಜಾಸ್ತಿಯಾಗಿ ಮನೆಯವರಿಂದ ಅಗಲುವುದಕ್ಕೆ ಹೆದರುತ್ತಾರೆ ಅಂತ ಅವರು ಬರೆದಿಟ್ಟರು. ಆಮೇಲೆ ಅವರು ಮಾಡಿದ್ದು ಬಹಳ ಸರಳ ಕೆಲಸ. ಮಕ್ಕಳನ್ನು ನಾಲ್ಕೈದರ ಸಣ್ಣ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ಒಬ್ಬಳೇ ಆರೈಕೆಯವಳನ್ನು ಕೊಟ್ಟರು. ದಿನಕ್ಕೊಂದು ಮುಖ ಬದಲಾಗದ ಹಾಗೆ ನೋಡಿಕೊಂಡರು.

ನಮ್ಮ ಹಳ್ಳಿಯಲ್ಲಿ ಹಾಗೆ ದಿನಾ ಸಿಗುವ ಒಂದೇ ಮುಖ ಅಂಗನವಾಡಿ ಟೀಚರದ್ದು. ಅದಕ್ಕೇ ಈ ಪತ್ರ ನಿಮಗೆ ಬರೆಯುತ್ತಿದ್ದೇನೆ, ದೆಹಲಿಗಲ್ಲ.

ಈಗ ಅಡಚಣೆ ಎಲ್ಲಿದೆ ನೋಡಿ. ಸೇನೆಗೆ ನನ್ನ ಮೊಮ್ಮಗಳು ಗೊತ್ತು. ಮಗು ಹುಟ್ಟಿದ ಕೂಡಲೇ ಪಾರ್ಟ್ ಟು ಆರ್ಡರ್ ಆಗುತ್ತೆ. ಹೆಸರು, ಹುಟ್ಟಿದ ದಿನ ಎಲ್ಲ ದಾಖಲೆಯಲ್ಲಿ ಕೂರುತ್ತೆ. ಆದರೆ ಅವಳು ರಾತ್ರಿ ಹಾಸಿಗೆ ಒದ್ದೆ ಮಾಡುವುದು ಯೂನಿಟ್ಟಿಗೆ ಹೇಗೆ ಕಾಣಬೇಕು? ಇತ್ತ ನಿಮ್ಮ ಜಿಲ್ಲೆಗೆ ಅವಳ ತೂಕ ಗೊತ್ತು, ಎತ್ತರ ಗೊತ್ತು, ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ತಿಂಗಳು ತಿಂಗಳು ಏರಿಸುತ್ತಾರೆ. ಅವಳಪ್ಪ ಏಳು ತಿಂಗಳಿಂದ ಮನೆಯಲ್ಲಿಲ್ಲ ಅನ್ನುವುದು ಯಾವ ಕಾಲಂನಲ್ಲೂ ಇಲ್ಲ. ಎರಡು ಸರ್ಕಾರಿ ದಾಖಲೆಗಳ ನಡುವೆ ಮಗು ಬಿದ್ದುಹೋಗಿದೆ.

ಕೇಂದ್ರದ ಆಪ್ ಬದಲಿಸಿ ಅಂತ ನಾನು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಅಂಗನವಾಡಿಯ ಕುಟುಂಬ ಸಮೀಕ್ಷೆ ಪುಸ್ತಕದಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆಸಿ. "ಅಪ್ಪ ಅಥವಾ ಅಮ್ಮ ಕೆಲಸದ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ದೂರ ಇದ್ದಾರಾ? ಹೌದು, ಇಲ್ಲ." ಅಷ್ಟೇ. ಯೂನಿಟ್ ಹೆಸರು ಬೇಡ, ಜಾಗದ ಹೆಸರು ಖಂಡಿತ ಬೇಡ. ಹಳೇ ಫೌಜಿಯಾಗಿ ಹೇಳುತ್ತಿದ್ದೇನೆ, ಆ ಪುಸ್ತಕ ಯಾರ ಕೈಗೆ ಹೋಗುತ್ತೋ ಗೊತ್ತಿಲ್ಲ.

"ಸೈನಿಕ" ಅನ್ನುವ ಪದವನ್ನೇ ಯಾಕೆ ಬಿಟ್ಟೆ ಅಂತ ನನ್ನ ಗೆಳೆಯರು ಬೈದರು. ಕಾರಣ ಇದೆ. ನಮ್ಮ ಓಣಿಯಲ್ಲೇ ಇನ್ನೂ ಎರಡು ಮನೆ ಮಕ್ಕಳ ಅಪ್ಪ-ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಅಜ್ಜಿಯೇ ಎಲ್ಲ. ಆ ಮಕ್ಕಳ ಸಂಕಟಕ್ಕೆ ಬಣ್ಣ ಬೇರೆಯೇ? ಬಿಎಸ್‌ಎಫ್, ಸಿಆರ್‌ಪಿಎಫ್‌ನವರ ಮಕ್ಕಳೂ ಇದ್ದಾರೆ. ಸೈನಿಕರ ಮಕ್ಕಳಿಗೆ ವಾಪಸ್ ಬರುವ ದಿನ ಗ್ಯಾರಂಟಿ ಇಲ್ಲ, ಟಿವಿಯ ಭಯ ಜಾಸ್ತಿ, ಅದು ನಿಜ. ಆದರೂ ಒಂದೇ ಕಾಲಂನಲ್ಲಿ ಎಲ್ಲರೂ ಹಿಡಿಸುತ್ತಾರೆ.

ಆಮೇಲೆ ಟೀಚರ್‌ಗಳಿಗೆ ಅರ್ಧ ದಿನದ ತರಬೇತಿ. ಅವರಿಗೆ ಈಗಾಗಲೇ ತಲೆ ಮೇಲೆ ಹೊರೆ ಇದೆ, ಅದಕ್ಕೇ ಅರ್ಧ ದಿನ ಅಂದೆ. ಕಚ್ಚುವ ಮಗುವನ್ನು ಮೂಲೆಯಲ್ಲಿ ಕೂರಿಸುವ ಬದಲು ಏನು ಮಾಡಬಹುದು, ಒದ್ದೆ ಚಡ್ಡಿಯನ್ನು ಎಲ್ಲರೆದುರು ಯಾಕೆ ತೋರಿಸಬಾರದು, ಅಪ್ಪ ರಜೆ ಮುಗಿಸಿ ಹೋದ ವಾರ ಮಗುವಿನ ಮೇಲೆ ಯಾಕೆ ಕಣ್ಣಿಡಬೇಕು, ಇಂಥವು. ತಾಯಂದಿರ ಸಭೆಯಲ್ಲಿ ಒಂದು ಮಾತು ಹೇಳಿಸಿದರೂ ಆಯಿತು. "ಅಪ್ಪ ಬರಲಿ ತಾಳು, ಹೇಳಿ ಹೊಡೆಸ್ತೀನಿ" ಅನ್ನುವುದನ್ನು ಬಿಡಿ ಅಂತ. ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಗುಮ್ಮ ಮಾಡಿಟ್ಟರೆ ಮಗು ಬಾಗಿಲ ಹಿಂದೆ ಅಡಗದೆ ಇನ್ನೇನು ಮಾಡುತ್ತೆ? ಜುಲೈನಲ್ಲಿ ಮಗ ಬಂದಾಗ ಮೊದಲ ಹತ್ತು ದಿನ ಪುಟ್ಟಿ ಅವನನ್ನು ಕೋಣೆಗೇ ಸೇರಿಸಲಿಲ್ಲ. ಇಪ್ಪತ್ತನೇ ದಿನದ ಹೊತ್ತಿಗೆ ಹೆಗಲು ಬಿಟ್ಟು ಇಳಿಯಲಿಲ್ಲ. ಇಪ್ಪತ್ತೆಂಟನೇ ದಿನ ಅವನು ದಾವಣಗೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ಕಚ್ಚಿದ್ದು ಅದಾದ ಮೇಲೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು ಅಂತ ನಿಯಮ ಇದೆ. ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ. "ಹೌದು" ಅಂತ ಗುರುತಿರುವ ಮಕ್ಕಳ ತಾಯಿಯ ಹತ್ತಿರ ಐದು ನಿಮಿಷ ಕೂತು, ನಿದ್ದೆ ಹೇಗಿದೆ, ಊಟ ಹೇಗಿದೆ, ನೀವು ಹೇಗಿದ್ದೀರಿ ಅಂತ ಕೇಳಲಿ. ಕೊನೆಯ ಪ್ರಶ್ನೆ ಬಿಡಬಾರದು. 2009ರಲ್ಲಿ ಅಮೆರಿಕದ 101 ಸೈನಿಕ ಕುಟುಂಬಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲಿ ಉಳಿದವರ ಮೇಲಿನ ಒತ್ತಡವೇ ಶಾಲೆಗೆ ಹೋಗುವ ಮಕ್ಕಳ ಸ್ಥಿತಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತಿತ್ತು. ಸುತ್ತಲಿನವರ ಆಸರೆ ಇದ್ದ ಕಡೆ ಆ ಒತ್ತಡ ಕಡಿಮೆ. ಮೊದಲು ಹೇಳಿದ್ದಕ್ಕೆ ಇದು ಉಲ್ಟಾ ಅನಿಸಬಹುದು. ಅಲ್ಲ. ಮಗುವಿನ ಸಂಕಟ ತಾಯಿ ಮಾಡಿದ್ದಲ್ಲ. ಆದರೆ ಅದನ್ನು ಹೊರುವವಳು ಅವಳೇ, ಅವಳು ಸೋತರೆ ಮಗುವೂ ಸೋಲುತ್ತೆ.

14416ಕ್ಕೆ ಫೋನ್ ಮಾಡಿ ಅನ್ನುತ್ತಾರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್. ಒಳ್ಳೆಯ ಸೇವೆ. ಸೇನೆಯವರಿಗಾಗಿ 2023ರಿಂದ ಪುಣೆಯಲ್ಲಿ ಬೇರೆ ಘಟಕವೂ ಇದೆ. ಆದರೆ ಅತ್ತೆ-ಮಾವ, ನಾದಿನಿ ಎಲ್ಲ ಇರುವ ಒಂದೇ ಪಡಸಾಲೆಯ ಮನೆಯಲ್ಲಿ ಸೊಸೆ ಎಲ್ಲಿ ನಿಂತು ಮಾತಾಡುತ್ತಾಳೆ? ಕೇಳುವವರು ಎದುರಿಗೆ ಬರಬೇಕು.

ಇದೆಲ್ಲ ಒಂದು ಜಿಲ್ಲೆಯಿಂದ ಆಗುತ್ತಾ? ಹತ್ತಿರದ ಬಳ್ಳಾರಿಯನ್ನು ನೋಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಆರೋಗ್ಯದ ಪಾಠ ಹೇಳಿ ಒಂದು ಪ್ರಯೋಗ ನಡೆಸಿದರು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮಂಥದ್ದೇ ಬಿಸಿಲು ಜಿಲ್ಲೆ ಅದು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ, ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ ಇದೆ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತಾರೆ. ಒಂದು ವರ್ಷ, ಒಂದೇ ತಾಲ್ಲೂಕು, ತಾಯಂದಿರ ಒಪ್ಪಿಗೆ ಪಡೆದು ಅಧ್ಯಯನ ಮಾಡಿಸಿ. ಜಗಳೂರನ್ನೇ ತೆಗೆದುಕೊಳ್ಳಿ, ಬರದ ಪಟ್ಟಿ ಬಿಟ್ಟು ಬೇರೆ ಯಾವುದಾದರೂ ಪಟ್ಟಿಯಲ್ಲಿ ನಮ್ಮ ಹೆಸರೂ ಮೊದಲು ಬರಲಿ.

ಆಗಸ್ಟ್ 15ಕ್ಕೆ ನಮ್ಮಂಥವರನ್ನು ಕರೆದು ಶಾಲು ಹೊದಿಸುತ್ತೀರಿ. ಸಂತೋಷ. ನನ್ನ ಹತ್ತಿರ ಐದು ಶಾಲು ಆಗಿವೆ, ಇನ್ನು ಸಾಕು.

ಪುಟ್ಟಿ ಈಗ ಸ್ವಲ್ಪ ಸುಧಾರಿಸಿದ್ದಾಳೆ. ಟೀಚರಿಗೆ ಸೊಸೆ ಎಲ್ಲ ಬಿಡಿಸಿ ಹೇಳಿದಳು. ಅವರು ದಿನಾ ಬೆಳಿಗ್ಗೆ ಅವಳನ್ನು ಬಾಗಿಲಲ್ಲೇ ಕರೆದು, ಮಕ್ಕಳಿಗೆ ತಟ್ಟೆ ಹಂಚುವ ಕೆಲಸ ಕೊಟ್ಟಿದ್ದಾರೆ. ಬಾಟಲಿ ಹಾಗೇ ಇದೆ. ಈ ಸಲ ನಾನು ಕಾಳು ಎಣಿಸಿ ಹಾಕಿಲ್ಲ. ರಜೆ ಯಾವಾಗ ಅಂತ ಗೊತ್ತಿಲ್ಲ ಪುಟ್ಟೀ ಅಂತ ನಿಜ ಹೇಳಿದ್ದೇನೆ. ದಿನಕ್ಕೊಂದು ಕಾಳು ಅವಳೇ ಹಾಕುತ್ತಾಳೆ. ಅಪ್ಪ ಬಂದ ಮೇಲೆ ಇಬ್ಬರೂ ಕೂತು ಎಣಿಸುತ್ತಾರಂತೆ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ನನಗೆ ಬರೆಯಬೇಡಿ. ಸಿಡಿಪಿಒಗಳ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ) ಮೂಲಕ ಅಂಗನವಾಡಿ ಟೀಚರ್‌ಗಳಿಗೆ ಕಳಿಸಿ. ಗೆರೆ ಎಳೆಯಬೇಕಾದವರು ಅವರೇ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಹವಾಲ್ದಾರ್
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ